ರುಮಾಲಿನ ನಾಡಿನಲ್ಲಿ

ಕಲಬುರಗಿಯ ಸೀಮೆಯಲ್ಲಿ ಕೈವಸ್ತ್ರಕ್ಕೆ ‘ದಸ್ತಿ’ ಎಂದು ಹೆಸರು. ತಲೆಗೆ ಸುತ್ತುವ ಬಟ್ಟೆಗೆ ‘ರುಮಾಲು’ ಎನ್ನುವರು. ಹಸುಗೂಸಿನ ತಲೆಗೆ ಕಟ್ಟುವ ಟೊಪ್ಪಿಗೆಯಂತೂ ಆ ಸೀಮೆಯಲ್ಲಿ ಮಾತ್ರವಲ್ಲದೆ ಕನ್ನಡನಾಡಿನ ಬಹುಭಾಗದಲ್ಲಿ ‘ಕುಲಾವಿ’ ಎನಿಸಿಕೊಂಡಿದೆ. ಈ ಮೂರು ಮಾತುಗಳೂ ಪಾರಸಿಯ ಕಡೆಯಿಂದ ಬಂದವು. ದಸ್ತ್ ಎಂದರೆ ಕೈ. ರೂ ಎಂದರೆ ಮುಖ, ಮಾಲ್ ಎಂದರೆ ಒರಸುವುದು. ಕುಲಾಹ್ ಎಂದರೆ ಟೊಪ್ಪಿಗೆ. ಅಫಘಾನಿಸ್ತಾನದಲ್ಲಿ ಇಂದಿಗೂ ಹೆಗಲಮೇಲಿನ ಚೌಕಳಿಯ ವಸ್ತ್ರಕ್ಕೆ ದಸ್ತಮಾಲ್ ಎನ್ನುತ್ತಾರೆ. ಮುಂಡಾಸು ಸುತ್ತುವ ಮುನ್ನ ತಲೆಗಿಡುವ ಟೊಪ್ಪಿಗೆಗೆ ಕುಲಾಹ್ ಎನ್ನುತ್ತಾರೆ. ಆ ಮುಂಡಾಸಿಗೆ ಅವರಿಟ್ಟಿರುವ ಹೆಸರಾದರೋ ಲುಂಗಿ! ಅವರ ತಲೆಯ ಮೇಲಿರುವುದು ನಮ್ಮಲ್ಲಿ ಸೊಂಟಕ್ಕಿಳಿಯಿತು. ಮುಖ ಒರಸಿಕೊಳ್ಳಬೇಕಾದುದು ನಮ್ಮಲ್ಲಿ ತಲೆಗೇರಿತು. ಅಲ್ಲಿ ಮೀಸೆಹೊತ್ತ ಸವಾರರು ಧರಿಸುವ ಟೊಪ್ಪಿಗೆಯನ್ನು ನಮ್ಮ ತಾಯಂದಿರು ತೊಟ್ಟಿಲ ಕೂಸಿಗೆ ತೊಡಿಸಿದರು. ಬಟ್ಟೆಗಳು ದೇಶಸಂಚಾರ ಮಾಡುವಾಗ ಹೀಗೆ ತಮ್ಮ ಸ್ಥಾನವನ್ನು ಬದಲಿಸಿಕೊಳ್ಳುವುದು ವಿನೋದವೇ ಸರಿ.

ಈ ವಿಚಾರವು ನಮ್ಮ ತಲೆಯಲ್ಲಿ ಸುಳಿಯಲು ಕಾರಣವಿಷ್ಟೇ. ನಮ್ಮ ಬಂಧುಗಳೊಬ್ಬರ ಮನೆಯ ಹೆಣ್ಣುಮಕ್ಕಳು ಕಂದಹಾರದ ಕಸೂತಿಯುಳ್ಳ ಒಂದು ಶಾಲನ್ನು ತರಿಸಿಕೊಂಡಿದ್ದರು. ಕಂದಹಾರದ ಹೆಂಗಸರು ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಣಿಸಿ, ರೇಷ್ಮೆದಾರದಿಂದ ನಯವಾದ ಚೌಕ, ನಕ್ಷತ್ರ, ಬಳ್ಳಿಗಳನ್ನು ತುಂಬುವ ಆ ಕೆಲಸಕ್ಕೆ ‘ಖಾಮಕ್’ ಎಂದು ಹೆಸರು. ಗಂಡಸರ ಅಂಗಿಯ ಎದೆಗೂ ಹೆಂಗಸರ ಶಾಲಿನ ಅಂಚಿಗೂ ಅದನ್ನು ಹಾಕುವರು. ವಸ್ತ್ರವು ಚೆಲುವಾಗಿದ್ದುದರಲ್ಲಿ ಸಂದೇಹವಿಲ್ಲ. ಆದರೆ ಹಬ್ಬಕ್ಕೆ, ಮದುವೆಗೆ ಅದನ್ನು ಹೇಗೆ ಹೊದೆಯಬೇಕೆಂಬುದು ಯಾರಿಗೂ ತಿಳಿಯದು. ‘ಪರದೇಶದ ಬಟ್ಟೆ, ನಮಗೆ ಹೇಗೆ ಒಪ್ಪೀತು?’ ಎಂದು ಅವರ ಅಜ್ಜಿಯವರು ಕೇಳಿದರು. ಅದೇ ತಿಂಗಳು ನಮಗೆ ಶಹಾಬಾದದಿಂದ ಚಿಂಚೋಳಿಯವರೆಗೆ ಸಂಚರಿಸುವ ಕೆಲಸವಿತ್ತು. ಫಾಲ್ಗುಣಮಾಸ; ಮದುವೆಗಳ ಕಾಲ, ಹೋಳಿಯು ಸಮೀಪ. ಹೊಲಿಗೆಯಿಲ್ಲದ ಬಟ್ಟೆಯೊಂದನ್ನು ತಲೆಗೂ ಹೆಗಲಿಗೂ ಹಬ್ಬದ ಕಳೆ ಬರುವಂತೆ ತೊಡುವುದನ್ನು ಅರಿತ ಜನರು ಆ ದಾರಿಯುದ್ದಕ್ಕೂ ಇರುವರೆಂದು ಬಲ್ಲೆವಾದುದರಿಂದ, ಅವರನ್ನೇ ಕೇಳಿನೋಡೋಣವೆಂದು ಮನೆಮಂದಿ ಮೂವರು ಹೊರಟೆವು.

ಶಹಾಬಾದದ ಹೆಸರನ್ನು ಕೇಳದವರು ವಿರಳ. ಏಕೆಂದರೆ ಅದರ ಕಲ್ಲಿನ ಮೇಲೆ ಕಾಲಿಡದವರು ವಿರಳ. ಪದರಪದರವಾಗಿ ಏಳುವ ಆ ಬೂದುನೀಲಿಯ ಸುಣ್ಣಗಲ್ಲು ಎಷ್ಟು ಮನೆಗಳ ನೆಲವಾಗಿದೆಯೋ ಎಣಿಸಿದವರಾರು? ಆ ಕಲ್ಲಿನ ಗಣಿಗಳಲ್ಲಿ ಬಿಸಿಲೆಂಬುದು ಮೇಲಿನಿಂದ ಬೀಳುವುದಷ್ಟೇ ಅಲ್ಲ, ಕೆಳಗಿನಿಂದಲೂ ಏಳುತ್ತದೆ. ಅಲ್ಲಿ ದುಡಿಯುವವನಿಗೆ ತಲೆಯ ಬಟ್ಟೆಯು ಅಲಂಕಾರವಲ್ಲ. ಬೆಳಗ್ಗೆ ಅದನ್ನು ನೀರಿನಲ್ಲದ್ದಿ ಸುತ್ತಿಕೊಳ್ಳುವನು. ನಡುಹಗಲಿಗೆ ಅದರಲ್ಲಿ ರೊಟ್ಟಿ ಕಟ್ಟಿರುವನು. ಧೂಳೆದ್ದಾಗ ಅದೇ ಮೂಗಿಗೆ ಬರುವುದು. ಕಲ್ಲು ಹೊರುವಾಗ ಅದೇ ಸಿಂಬಿಯಾಗುವುದು. ಸಂಜೆ ಅದರಲ್ಲಿಯೇ ಮಕ್ಕಳಿಗೆ ಚುರಮುರಿ ಕಟ್ಟಿಕೊಂಡು ಮನೆಗೆ ಹೋಗುವನು. ಇದೇ ದಸ್ತಿ. ಕೈಗೆಂದು ಹುಟ್ಟಿದ ಹೆಸರಾದರೂ ಮೈಯೆಲ್ಲದರ ಚಾಕರಿ ಮಾಡುತ್ತದೆ.

ಆದರೆ ಅದೇ ಮನುಷ್ಯನು ಹಬ್ಬದ ದಿನ ದಸ್ತಿಯನ್ನು ತಲೆಗೆ ಕಟ್ಟಿಕೊಂಡು ದೇವರ ಮುಂದೆ ನಿಲ್ಲಲಾರನು. ಅಂದು ಪೆಟ್ಟಿಗೆಯಿಂದ ರುಮಾಲು ಹೊರಬರಬೇಕು. ಹತ್ತಿಯ ನುಣುಪಾದ ನೂಲಿನದು. ಬಿಳಿದು, ಕೆಂಪು ಇಲ್ಲವೆ ಅರಿಸಿನದ ಬಣ್ಣದ್ದು. ಹತ್ತು ಹನ್ನೆರಡು ಮೊಳದ ಉದ್ದ. ದಿನದ ಬಟ್ಟೆಗೂ ಹಬ್ಬದ ಬಟ್ಟೆಗೂ ಇರುವ ಈ ಎಲ್ಲೆಯನ್ನು ಬಡವನು ಪಾಲಿಸುವಷ್ಟು ಕಟ್ಟುನಿಟ್ಟಾಗಿ ಸಿರಿವಂತನು ಪಾಲಿಸುವುದನ್ನು ನಾವು ಕಾಣೆವು. ಒಂದೇ ಬಟ್ಟೆಯನ್ನು ದಿನವೂ ತೊಟ್ಟರೆ ಹಬ್ಬಕ್ಕೆ ಉಳಿಯುವುದೇನು?

ಶಹಾಬಾದದಿಂದ ವಾಡಿಗೆ ರೈಲಿನಲ್ಲಿ ಕ್ಷಣಮಾತ್ರದ ಹಾದಿ. ವಾಡಿಯು ಊರೆಂಬುದಕ್ಕಿಂತ ಕೂಡುನಿಲ್ದಾಣವೆಂದೇ ಹೆಸರಾದುದು. ಮುಂಬಯಿಯಿಂದ ರಾಯಚೂರಿನ ಕಡೆಗೆ ಹೋಗುವ ಹಾದಿಯಿಂದ ನಿಜಾಮರ ರೈಲು ಇಲ್ಲಿಯೇ ಕವಲೊಡೆದು ೧೮೭೪ರಲ್ಲಿ ಸಿಕಂದರಾಬಾದಿಗೆ ಮುಟ್ಟಿತು. ಹೈದರಾಬಾದಿನಿಂದ ಮುಂಬಯಿಗೆ ಹೋಗುವವರೂ ಅತ್ತಣಿಂದ ಬರುವವರೂ ಈ ಕಟ್ಟೆಯ ಮೇಲೆ ಹಾಯಬೇಕಾಗಿದ್ದ ಕಾಲದಲ್ಲಿ, ತಲೆಯುಡುಗೆಯನ್ನು ನೋಡಿಯೇ ಬಂದವನ ಊರು, ಕುಲ, ಕಸುಬುಗಳನ್ನು ಹೇಳಬಹುದಾಗಿತ್ತಂತೆ. ದರಬಾರದ ನೌಕರನ ರೂಮಿ ಟೊಪ್ಪಿಗೆ, ಮಾರವಾಡಿಯ ಬಿಗಿದ ಪಗಡಿ, ಗೌಡರ ರುಮಾಲು, ಖಾದಿಯವರ ಬಿಳಿಯ ಟೊಪ್ಪಿಗೆ, ಇವುಗಳ ನಡುವೆ ರೋಹಿಲನ ದೊಡ್ಡ ಮುಂಡಾಸು. ರೋಹ್ ಎಂಬುದು ಅಫಘಾನರ ಬೆಟ್ಟನಾಡಿನ ಹೆಸರು. ಅಲ್ಲಿಂದ ಬಂದ ರೋಹಿಲರೂ ಪಠಾಣರೂ ನಿಜಾಮರ ರಾಜ್ಯದಲ್ಲಿ ಸಿಪಾಯಿಗಳಾಗಿಯೂ ಬಡ್ಡಿಗೆ ಹಣ ಕೊಡುವವರಾಗಿಯೂ ಇದ್ದರು. ಸಾಲಗಾರನಿಗೆ ಆ ಮುಂಡಾಸು ದೂರದಲ್ಲಿ ಕಂಡರೆ ಸಾಕು, ಎದೆ ಹಾರುತ್ತಿತ್ತೆಂದು ಹಳಬರು ಹೇಳುವರು.

ಅವರಿಗಿಂತ ಎಷ್ಟೋ ಮೊದಲೇ ಅಫಘಾನರು ಈ ನಾಡನ್ನು ಕಂಡವರು. ೧೩೪೭ರಲ್ಲಿ ಬಹಮನೀ ರಾಜ್ಯವು ಕಟ್ಟಲ್ಪಡುವುದಕ್ಕೆ ಸ್ವಲ್ಪ ಮುನ್ನ, ದಿಲ್ಲಿಯ ಮೇಲೆ ತಿರುಗಿಬಿದ್ದ ದಖ್ಖಣದ ಅಮೀರರು ದೌಲತಾಬಾದಿನಲ್ಲಿ ತಮಗೆ ಅರಸನೆಂದು ಮೊದಲು ಆರಿಸಿಕೊಂಡುದು ಇಸ್ಮಾಯಿಲ್ ಮುಖ್ ಎಂಬ ಅಫಘಾನನನ್ನೇ. ಅವನು ಬಿಟ್ಟುಕೊಟ್ಟ ಪಟ್ಟವನ್ನೇರಿದ ಹಸನನು ಕಲಬುರಗಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು. ಮುಂದೆ ಹದಿನೈದನೆಯ ಶತಮಾನದಲ್ಲಿ ರಷ್ಯದ ವರ್ತಕ ಅಫನಾಸಿ ನಿಕಿತಿನ್ ಎಂಬವನು ಚೌಲದ ರೇವಿನಲ್ಲಿಳಿದು ಬೀದರಿಗೆ ಬಂದನು. ಚೌಲದಲ್ಲಿ ಅವನ ಕಣ್ಣಿಗೆ ಮೊದಲು ಬಿದ್ದುದು ಈ ಹೊಲಿಯದ ಬಟ್ಟೆಯೇ. ನಾಡದೊರೆಯು ಒಂದನ್ನು ತಲೆಗೆ ಸುತ್ತಿ ಇನ್ನೊಂದನ್ನು ನಡುವಿಗೆ ಸುತ್ತಿದ್ದನು, ಸರದಾರರು ಒಂದನ್ನು ಹೆಗಲಿಗೂ ಒಂದನ್ನು ನಡುವಿಗೂ ಹಾಕಿದ್ದರು, ರಾಣಿವಾಸದವರೂ ಹಾಗೆಯೇ. ಹಿಮದ ನಾಡಿನಿಂದ ತುಪ್ಪಟದ ಅಂಗಿ ತೊಟ್ಟು ಬಂದವನಿಗೆ ಎರಡು ತುಂಡು ಬಟ್ಟೆಯಲ್ಲಿ ದೊರೆತನವನ್ನು ತೋರಬಹುದೆಂಬುದು ಸೋಜಿಗವಾಗಿರಬೇಕು.

ಈಗಿನ ವಾಡಿಯ ಕಟ್ಟೆಯ ಮೇಲೆ ತಲೆಗಳೆಲ್ಲ ಬರಿದಾಗಿವೆ. ಸಿಮೆಂಟಿನ ಕಾರ್ಖಾನೆಗಳಿಗೆ ದುಡಿಯಲು ಬಂದಿರುವ ಬಿಹಾರ, ಉತ್ತರಪ್ರದೇಶಗಳ ಹುಡುಗರ ಕೊರಳಲ್ಲಿ ಮಾತ್ರ ಕೆಂಪು ಚೌಕಳಿಯ ಗಮಛಾ ಕಾಣುತ್ತದೆ. ಅವರಲ್ಲೊಬ್ಬನು ಅದನ್ನು ಹಾಸಿಕೊಂಡು ಮಲಗಿದ್ದನು. ಇನ್ನೊಬ್ಬನು ಅದನ್ನೇ ಮುಸುಕೆಳೆದುಕೊಂಡು ಮನೆಯವರೊಡನೆ ದೂರವಾಣಿಯಲ್ಲಿ ಮಾತನಾಡುತ್ತಿದ್ದನು. ಆ ಮುಸುಕಿನೊಳಗೆ ಅವನಿಗೆ ಒಂದು ಕೋಣೆಯೇ ದೊರೆತಂತಿತ್ತು.

ವಾಡಿಯಿಂದ ಹೈದರಾಬಾದಿನ ಹಾದಿ ಹಿಡಿದರೆ ಬೇಗನೆ ಚಿತ್ತಾಪುರ. ಊರ ಬಳಿಯ ನಾಗಾವಿಯು ಹಿಂದೆ ವಿದ್ಯೆಗೆ ಹೆಸರಾದ ಘಟಿಕಾಸ್ಥಾನವಾಗಿತ್ತು. ಅಲ್ಲಿನ ಅರವತ್ತು ಕಂಬದ ಗುಡಿಯನ್ನೂ ಎಲ್ಲಮ್ಮನನ್ನೂ ನೋಡದೆ ಬರುವವರಿಲ್ಲ. ನಾವು ಮಾತ್ರ ಈ ಸಲ ಅದೇ ತಾಲೂಕಿನ ಭೀಮಾನದಿಯ ದಡಕ್ಕೆ, ಸನ್ನತಿಗೂ ಅದರ ನೆರೆಯ ಕನಗನಹಳ್ಳಿಗೂ ಹೋದೆವು. ಕಾರಣವು ಮುಂಡಾಸೇ. ಕನಗನಹಳ್ಳಿಯ ಬೌದ್ಧಸ್ತೂಪದ ಹಾಸುಗಲ್ಲುಗಳಲ್ಲಿ ಎರಡು ಸಾವಿರ ವರ್ಷಗಳ ಹಿಂದಿನ ಜನರು ನಿಂತಿರುವರು. ಮೈಮೇಲೆ ಅಂಗಿಯಿಲ್ಲ, ಆದರೆ ಗಂಡಸರ ತಲೆಗಳ ಮೇಲೆ ದಪ್ಪನೆಯ ಸುತ್ತುಗಳುಳ್ಳ ಮುಂಡಾಸುಗಳಿವೆ. ಸುತ್ತಿದ ಬಟ್ಟೆಯನ್ನು ಮುಂದಲೆಯಲ್ಲಿ ಗಂಟಾಗಿ ಎತ್ತಿ ನಿಲ್ಲಿಸಿರುವುದನ್ನು ಶಿಲ್ಪಿಯು ಮಡಿಕೆಮಡಿಕೆಯಾಗಿ ಬಿಡಿಸಿರುವನು. ರಾಣಿಯೊಡನೆ ನಿಂತ ಅರಸನೊಬ್ಬನ ಚಿತ್ರಕ್ಕೆ ‘ರಾಯೊ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಹೆಸರನ್ನು ಕೆತ್ತಿರುವುದು ಲೋಕಪ್ರಸಿದ್ಧವಾದ ಮಾತು.

ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿದ್ದ ಕಾಳಿಕಾದೇವಿಯ ಗುಡಿಯ ಮಾಳಿಗೆಯು ೧೯೮೬ರಲ್ಲಿ ಕುಸಿಯಿತು. ಆಗ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಬೆಳಕಿಗೆ ಬಂದವು. ಅವುಗಳಲ್ಲೊಂದು ಹನ್ನೆರಡನೆಯ ಶಾಸನ: ತನ್ನ ಮತವನ್ನು ಹೊಗಳಿ ಪರರ ಮತವನ್ನು ಹಳಿಯಬಾರದು, ಮಾತಿನಲ್ಲಿ ಹಿಡಿತವಿರಬೇಕು, ಒಬ್ಬರ ಧರ್ಮವನ್ನೊಬ್ಬರು ಕೇಳಬೇಕು ಎಂಬುದು ಅದರ ತಾತ್ಪರ್ಯ. ಇದೇ ಹನ್ನೆರಡನೆಯ ಶಾಸನದ ಕೊನೆಯ ಭಾಗವು ಗ್ರೀಕ್ ಭಾಷೆಯಲ್ಲಿ ೧೯೬೩ರಲ್ಲಿ ಎಲ್ಲಿ ದೊರೆಯಿತು ಬಲ್ಲಿರಾ? ನಮ್ಮ ಬಂಧುಗಳ ಮನೆಯ ಶಾಲು ಹುಟ್ಟಿದ ಕಂದಹಾರದಲ್ಲಿ! ಒಬ್ಬನೇ ಅರಸನು ಒಂದೇ ಮಾತನ್ನು ಭೀಮೆಯ ದಡದವರಿಗೆ ಪ್ರಾಕೃತದಲ್ಲಿಯೂ ಕಂದಹಾರದವರಿಗೆ ಗ್ರೀಕಿನಲ್ಲಿಯೂ ಹೇಳಿಸಿದ್ದನು. ಶಾಲಿನ ವಿಷಯದಲ್ಲಿ ‘ಪರದೇಶ’ವೆಂಬ ಮಾತನ್ನು ಎತ್ತಿದವರಿಗೆ ಹೇಳಲು ನಮಗೆ ಇಷ್ಟು ಸಾಕಾಯಿತು.

ಚಿತ್ತಾಪುರದ ಹತ್ತಿರದ ಹಳ್ಳಿಯೊಂದರಲ್ಲಿ ಮದುವೆಯ ಮನೆಗೆ ನಮಗೆ ಕರೆಯಿತ್ತು. ಅಲ್ಲಿ ವರನಿಗೆ ರುಮಾಲು ಸುತ್ತುವುದನ್ನು ಮೊದಲಿನಿಂದ ಕಡೆಯವರೆಗೆ ನೋಡಿದೆವು. ಸುತ್ತುವವರು ವರನ ಸೋದರಮಾವಂದಿರಲ್ಲಿ ಹಿರಿಯರು, ಎಪ್ಪತ್ತರ ಮೇಲಿನವರು. ಇಬ್ಬರು ಹುಡುಗರು ಅಂಗಳದ ಆ ತುದಿಗೂ ಈ ತುದಿಗೂ ನಿಂತು ಬಟ್ಟೆಯನ್ನೆಳೆದು ಹಿಡಿದರು; ಮುದುಕರು ಅದರ ಅಗಲವನ್ನು ಬೆರಳಿನಿಂದ ನೆರಿಗೆ ಹಿಡಿಯುತ್ತ ನಾಲ್ಕು ಬೆರಳಿನಷ್ಟಕ್ಕೆ ತಂದರು. ವರನು ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಣೆಯ ಮೇಲೆ ಕುಳಿತನು. ಮೊದಲ ಸುತ್ತು ಬಲಗಿವಿಯ ಮೇಲಿನಿಂದ ಏರಿ ಎಡಗಿವಿಯ ಹಿಂದೆ ಇಳಿಯಿತು. ಎರಡನೆಯದು ಎಡದಿಂದ ಏರಿತು. ಹಣೆಯ ನಡುವೆ ಎರಡೂ ಒಂದನ್ನೊಂದು ದಾಟಿ ಗೋಪುರದಂಥ ಕೋನವುಂಟಾಯಿತು. ಪ್ರತಿಯೊಂದು ಸುತ್ತೂ ಕೆಳಗಿನದಕ್ಕಿಂತ ಕೂದಲೆಳೆಯಷ್ಟು ಮೇಲೆ. ಕೊನೆಯಲ್ಲಿ ಹಲ್ಲಿನಲ್ಲಿದ್ದ ತುದಿಯನ್ನು ಬಿಡಿಸಿ ನೆತ್ತಿಯ ಮೇಲೆ ಹರಡಿ ಹಿಂದೆ ಸಿಕ್ಕಿಸಿದರು. ಉಳಿದ ಚುಂಗು ಬೆನ್ನಿನ ಮೇಲೆ ಇಳಿಯಿತು. ಅದರ ಮೇಲೆ ಬಾಸಿಂಗ.

‘ಬಿಗಿಯಾಯ್ತೇನಪಾ?’ ಎಂದು ಕೇಳಿದರು. ‘ಸ್ವಲ್ಪ ಬಿಗಿ ಆಗ್ಯದ ಮಾವಾ’ ಎಂದನು ಹುಡುಗ. ‘ಆಗಲಿ, ಇವತ್ತೊಂದಿನ ತಲಿ ತಗ್ಗಸಬ್ಯಾಡ’ ಎಂದರು ಮುದುಕರು. ಮನೆಯೆಲ್ಲ ನಕ್ಕಿತು.

ಆ ಮನೆಯಲ್ಲಿ ರುಮಾಲು ಸುತ್ತಬಲ್ಲವರು ಅವರೊಬ್ಬರೇ. ಅವರ ಮಕ್ಕಳಿಗೆ ಬಾರದು, ಮೊಮ್ಮಕ್ಕಳಿಗೆ ಬೇಕಿಲ್ಲ. ಉಳಿದ ಗಂಡಸರೆಲ್ಲರೂ ಪೇಟೆಯಿಂದ ದಿನಬಾಡಿಗೆಗೆ ತಂದ ಪೇಟಗಳನ್ನಿಟ್ಟುಕೊಂಡಿದ್ದರು. ರಟ್ಟಿನ ಒಳಗವಸಿಗೆ ಥಳಕಿನ ಬಟ್ಟೆಯನ್ನು ಅಂಟಿಸಿ ಹೊಲಿದವು. ಎಲ್ಲವೂ ಒಂದೇ ಅಳತೆ. ಸಣ್ಣ ತಲೆಯವನಿಗೆ ಕಣ್ಣಿನ ಮೇಲಿಳಿಯುವುದು, ದೊಡ್ಡ ತಲೆಯವನಿಗೆ ನೆತ್ತಿಯಲ್ಲಿಯೇ ನಿಲ್ಲುವುದು. ಊಟದ ಹೊತ್ತಿಗೆ ಅವು ಕುರ್ಚಿಗಳ ಮೇಲೆ ಸಾಲಾಗಿ ಕುಳಿತಿದ್ದವು. ಇದನ್ನು ನಾವು ಹಳಿಯಲೆಂದು ಹೇಳುತ್ತಿಲ್ಲ; ನೂರು ಜನರ ತಲೆಗೆ ಒಬ್ಬ ಮುದುಕರು ಸುತ್ತುವುದಾದರೂ ಹೇಗೆ? ಆದರೆ ರುಮಾಲೆಂಬುದು ಬಟ್ಟೆಯಷ್ಟೇ ಅಲ್ಲ, ಬಟ್ಟೆಯೂ ಕೈಯೂ ಕೂಡಿ ಆಗುವ ವಸ್ತು. ಬಟ್ಟೆಯು ಅಂಗಡಿಯಲ್ಲಿ ಇನ್ನೂ ಸಿಕ್ಕೀತು, ಕೈ ಸಿಗುವುದಿಲ್ಲ. ಆ ಮುದುಕರ ಬೆರಳುಗಳನ್ನು ನಮ್ಮೊಡನಿದ್ದ ಹುಡುಗನು ಯಂತ್ರದಲ್ಲಿ ಚಿತ್ರೀಕರಿಸಿಕೊಂಡನು. ಅಷ್ಟರಿಂದ ಕಲಿತೇನೆಂಬ ಧೈರ್ಯವು ಅವನಿಗಿದೆ, ನಮಗಿಲ್ಲ. ಮರುದಿನ ಬೆಳಗ್ಗೆ ಆ ಮುದುಕರ ಮುಂದೆಯೇ ಕುಳ್ಳಿರಿಸಿ ನಾಲ್ಕು ಸಲ ಸುತ್ತಿಸಿದೆವು. ನಾಲ್ಕನೆಯದು ಬಾಗಿಲು ದಾಟುವವರೆಗೆ ನಿಂತಿತು.

ಆಯೇರಿಯ ಸಮಯದಲ್ಲಿ ಬೀಗರಿಗೆ ಟಾವೆಲು, ಟೊಪ್ಪಿಗೆಗಳನ್ನು ಕೊಡುವ ಪದ್ಧತಿಯು ಅಲ್ಲಿ ಇನ್ನೂ ತಪ್ಪಿಲ್ಲ. ಹತ್ತು ಮದುವೆಗಳನ್ನು ಮುಗಿಸಿದ ಗೃಹಸ್ಥನ ಮನೆಯಲ್ಲಿ ಟಾವೆಲುಗಳ ರಾಶಿಯೇ ಇರುವುದು. ಸಭೆಗಳಲ್ಲಿ ಹೊದಿಸಿ ಕಳುಹಿಸುವ ಜರಿಯ ಶಾಲುಗಳಿಗಿಂತ ಅವು ಸಾವಿರ ಪಾಲು ಮೇಲು, ಮೈಯನ್ನಾದರೂ ಒರಸಿಕೊಳ್ಳಬಹುದು.

ಅದೇ ಓಣಿಯಲ್ಲಿ ಎರಡು ದಿನಗಳ ಹಿಂದೆ ಮುಸಲ್ಮಾನರ ಮನೆಯ ಮದುವೆಯೂ ಜರುಗಿತ್ತು. ಆ ಮನೆಯ ಅತ್ತೆಯವರು ಮದುಮಗಳ ಉಡುಗೆಯನ್ನು ನಮ್ಮ ಹೆಣ್ಣುಮಕ್ಕಳಿಗೆ ತೋರಿಸಿದರು. ಹೈದರಾಬಾದಿನ ಮನೆತನಗಳ ‘ಖಡಾ ದುಪಟ್ಟಾ’ ಅದು. ಆರು ಗಜದ ಉದ್ದ, ಅಂಚಿಗೆಲ್ಲ ಜರಿಯ ಭಾರ. ದುಪಟ್ಟಾ ಎಂದರೆ ಎರಡು ಪಟ್ಟಿಯ ಬಟ್ಟೆ. ಅದನ್ನು ಹೊದಿಸಲು ಮೂವರು ಬೇಕಂತೆ. ನಮ್ಮವರು ಕಂದಹಾರದ ಶಾಲಿನ ವಿಷಯವನ್ನು ಅವರಲ್ಲಿಯೇ ಬಿಚ್ಚಿದರು. ಕೂಡಲೇ ಓಣಿಯ ನಾಲ್ಕಾರು ಮಂದಿ ಹೆಂಗಸರು ಸೇರಿದರು. ಇಳಕಲ್ಲ ಸೀರೆಯವರೂ ಬಂದರು, ಸಲವಾರಿನವರೂ ಬಂದರು. ಒಂದು ಗಂಟೆಯ ಚರ್ಚೆಯಿಂದ ತೇಲಿದ ಮಾತುಗಳನ್ನು ಗೃಹಿಣಿಯರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇವೆ.

ಉದ್ದನೆಯ ಅಂಗಿಯ ಮೇಲೆ ಹೊದೆಯುವುದಾದರೆ ಶಾಲನ್ನು ನೆತ್ತಿಯ ಮೇಲಿಟ್ಟು, ಎಡದ ತುದಿಯನ್ನು ಗೇಣುದ್ದವಾಗಿ ಎದೆಯ ಮೇಲೆ ಬಿಟ್ಟು, ಬಲದ ಉದ್ದನೆಯ ತುದಿಯನ್ನು ಗದ್ದದ ಕೆಳಗಿನಿಂದ ತಂದು ಎಡಹೆಗಲ ಹಿಂದಕ್ಕೆ ಹಾಕಬೇಕು. ಕಸೂತಿಯ ಅಂಚು ಹಣೆಯ ಮೇಲೂ ಬೆನ್ನಿನ ಮೇಲೂ ಬೀಳುವುದರಿಂದ ನಡೆಯುವವಳನ್ನು ಹಿಂದಿನಿಂದ ನೋಡಿದರೂ ಚೆಂದ. ಇಳಕಲ್ಲ ಸೀರೆಯ ಮೇಲೆ ಹೀಗೆ ಮಾಡಬಾರದು. ಆ ಸೀರೆಯ ಜೀವವೆಲ್ಲ ಸೆರಗಿನ ತೋಪುತೆನೆಯಲ್ಲಿದೆ. ಅದನ್ನು ಮುಚ್ಚಿದರೆ ಸೀರೆಗೂ ಶಾಲಿಗೂ ಜಗಳ. ಶಾಲನ್ನು ಉದ್ದುದ್ದಕ್ಕೆ ನಾಲ್ಕು ಮಡಿಕೆ ಮಾಡಿ ಬಲಹೆಗಲ ಮೇಲೆ ನೇರವಾಗಿ ಇಳಿಬಿಟ್ಟರೆ ಸಾಕು. ಗಂಡಸರಾದರೆ ಬಿಳಿಯ ಅಂಗಿಯ ಮೇಲೆ ಎಡಹೆಗಲಿಗೆ ಹಾಕಿ ಒಂದು ತುದಿಯನ್ನು ಬಲಹೆಗಲ ಹಿಂದಕ್ಕೆ ಎಸೆಯಬಹುದು; ಬಣ್ಣಬಣ್ಣದ ಅಂಗಿಗೆ ಬೇಡ. ಕಸೂತಿಯ ಮೇಲೆ ಪಿನ್ನನ್ನು ಚುಚ್ಚಲೇಬಾರದು, ಎಣಿಸಿ ಹಾಕಿದ ಎಳೆಯೊಂದು ಜಾರಿದರೆ ಸಾಲೇ ಸಡಿಲುವುದು. ಪಿನ್ನು ಬೇಕಾದಲ್ಲಿ ಬರಿಯ ಬಟ್ಟೆಯ ಮೇಲೆ, ಒಳಮಗ್ಗುಲಿನಿಂದ. ಅಂದು ಮುಳ್ಳುಳ್ಳ ಒಡವೆಗಳನ್ನು, ಮುಖ್ಯವಾಗಿ ಹರಳಿನ ಬಳೆಗಳನ್ನು, ಕಡಮೆ ಮಾಡುವುದು ಲೇಸು. ಒಗೆಯಲು ತಣ್ಣೀರು, ಅಂಟವಾಳಕಾಯಿಯ ನೊರೆ. ಹಿಂಡದೆ, ಒಳಮಗ್ಗುಲನ್ನು ಹೊರಗೆ ಮಾಡಿ ನೆರಳಿನಲ್ಲಿ ಹರವಬೇಕು. ಹಳೆಯ ಧೋತರದ ತುಂಡಿನಲ್ಲಿ ಸುರುಳಿ ಸುತ್ತಿ ಒಣಗಿದ ಬೇವಿನೆಲೆಯೊಡನೆ ಇಟ್ಟರೆ ಹುಳುವಿನ ಭಯವಿಲ್ಲ. ‘ವರ್ಷಕ್ಕೆ ನಾಲ್ಕು ಸಲ ಮಾತ್ರ ತೆಗೀರಿ ತಾಯಿ, ಐದನೆಯ ಸಲಕ್ಕೆ ಅದು ಹಬ್ಬದ ಬಟ್ಟೆ ಅಲ್ಲ’ ಎಂದು ಆ ಅತ್ತೆಯವರು ಕಡೆಯ ಮಾತನ್ನು ಹೇಳಿದರು. ಶಹಾಬಾದದ ಕಲ್ಲುಗಣಿಯವನ ಎಲ್ಲೆಯೇ ಇದು.

ಸೇಡಮಿನ ಹಾದಿಯಲ್ಲಿ ಮಳಖೇಡವು ಬರುವುದು. ರಾಷ್ಟ್ರಕೂಟರ ಮಾನ್ಯಖೇಟ, ಕಾಗಿಣಾನದಿಯ ದಡದ ಮುರುಕು ಕೋಟೆ. ಅಮೋಘವರ್ಷನ ಆ ರಾಜಧಾನಿಯ ವೈಭವವನ್ನು ಬಲ್ಲವರು ಬರೆದಿರುವರು; ನಾವು ದಾಟಿಹೋಗುವೆವು. ನಮ್ಮ ವಿಷಯಕ್ಕೆ ಸಂಬಂಧಪಟ್ಟುದು ಈಚಿನ ಸಂಗತಿ. ೨೦೨೩ನೆಯ ಜನವರಿ ೧೯ರಂದು ಇದೇ ಮಳಖೇಡದಲ್ಲಿ, ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ತಾಂಡಾಗಳಲ್ಲಿ ವಾಸಿಸುವ ೫೦,೦೦೦ಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಮನೆಯ ಜಾಗದ ಹಕ್ಕುಪತ್ರಗಳ ವಿತರಣೆಯು ದೇಶದ ಪ್ರಧಾನಿಯವರಿಂದ ಆರಂಭವಾಯಿತು. ತಲೆಮಾರುಗಳಿಂದ ಇದ್ದ ನೆಲವು ಕಾಗದದ ಮೇಲೆ ಅಂದು ಅವರದಾಯಿತು. ಅದನ್ನು ಇಲ್ಲಿ ಹೇಳಲು ಕಾರಣವು ಮುಂದೆ ತಿಳಿಯುವುದು.

ಸೇಡಮಿನಲ್ಲಿ ನಮ್ಮನ್ನು ಉಪಚರಿಸಿದವರು ಒಕ್ಕಲಿಗ ದಂಪತಿಗಳು. ತೊಗರಿ ರಾಶಿ ಮುಗಿಸಿ ಬಿಡುವಾಗಿದ್ದರು. ಅವರ ಮನೆಯ ರುಮಾಲು ವರ್ಷಕ್ಕೊಮ್ಮೆ, ಎಳ್ಳಮಾಸಿಯ ದಿನ, ತಪ್ಪದೆ ಹೊಲಕ್ಕೆ ಹೋಗುತ್ತದೆ. ಸಜ್ಜಿಯ ರೊಟ್ಟಿ, ಭಜ್ಜಿ, ಕಡಬುಗಳ ಬುತ್ತಿ ಹೊತ್ತು ಮನೆಮಂದಿಯೆಲ್ಲ ಹೋಗಿ ಪೈರಿಗೆ ಚರಗ ಚೆಲ್ಲುವಾಗ ಹಿರಿಯನ ತಲೆ ಬರಿದಾಗಿರಕೂಡದು. ‘ಭೂಮಿತಾಯಿ ಮುಂದ ಬೋಳತಲಿಲೆ ನಿಲ್ಲೋದು ಹ್ಯಾಂಗ್ರಿ?’ ಎಂದರು ಯಜಮಾನರು. ಅವರ ಮಗನು ಬೆಂಗಳೂರಿನಲ್ಲಿರುವನು. ಎಳ್ಳಮಾಸಿಗೆ ಬಂದಾಗ ಅವನೂ ತಂದೆಯ ಕೈಯಿಂದ ಸುತ್ತಿಸಿಕೊಳ್ಳುವನಂತೆ. ತಾನಾಗಿ ಸುತ್ತಿಕೊಳ್ಳುವುದು ಅವನಿಗೂ ಬಾರದು.

ಸೇಡಮಿನಿಂದ ಚಿಂಚೋಳಿಗೆ ರೈಲಿಲ್ಲ. ಮೋಟಾರಿನಲ್ಲಿ ಬಡಗಲಾಗಿ ಹೋಗುತ್ತಿದ್ದಂತೆ ಕಪ್ಪುನೆಲದ ಬಯಲು ಕಳೆದು ಕುರುಚಲು ಗುಡ್ಡಗಳು ಏಳುವುವು, ಆಮೇಲೆ ಕಾಡೇ ಬರುವುದು. ಬಿಸಿಲಿಗೆ ಹೆಸರಾದ ಜಿಲ್ಲೆಯಲ್ಲಿ ಇಂಥ ಅರಣ್ಯವುಂಟೆಂದರೆ ಹೊರಗಿನವರು ನಂಬುವುದಿಲ್ಲ. ೨೦೧೧ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಸಾರಿದರು. ಚಂದ್ರಂಪಳ್ಳಿಯ ಕೆರೆಯೂ ಮುಲ್ಲಾಮಾರಿ ಹೊಳೆಯೂ ಇರುವುದು ಈ ತಾಲೂಕಿನಲ್ಲಿಯೇ. ಕಾಡಿನ ಅಂಚಿನಲ್ಲಿ ಅಲ್ಲಲ್ಲಿ ಲಂಬಾಣಿಗರ ತಾಂಡಾಗಳು. ಹಿಂದೆ ಎತ್ತುಗಳ ಹಿಂಡಿನ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು, ಮೊಗಲರ ಪಾಳೆಯಗಳ ಬೆನ್ನಿಗೆ ದಖ್ಖಣವನ್ನು ಹೊಕ್ಕ ವರ್ತಕಜನ ಅವರು. ರೈಲು ಬಂದ ಮೇಲೆ ಎತ್ತಿನ ಹೇರು ನಿಂತಿತು; ಅವರೂ ನಿಂತಲ್ಲಿಯೇ ಊರಿದರು.

ಹೋಳಿಗೆ ಎರಡು ದಿನಗಳಿದ್ದವು. ತಾಂಡಾದಲ್ಲಿ ಸಂಜೆ ಲೆಂಗಿಯ ಹಾ‌ಡಿಗೆ ತಾಲೀಮು ನಡೆದಿತ್ತು. ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಕೂಲಿಗೆ ಹೋದವರು ಹಬ್ಬಕ್ಕೆಂದು ಮರಳಿದ್ದರು. ಹೆಂಗಸರಲ್ಲಿ ಬಹುಮಂದಿ ಸೀರೆಯಲ್ಲಿದ್ದರು. ಹುಡುಗಿಯರು ಪೇಟೆಯ ಉಡುಪಿನಲ್ಲಿದ್ದರು. ಪೂರ್ಣವಾದ ಉಡುಗೆ ಕಂಡುದು ನಾಲ್ವರು ಮುದುಕಿಯರ ಮೈಮೇಲೆ ಮಾತ್ರ: ಗೇರುಳ್ಳ ಫೇಟಿಯಾ ಲಂಗ, ಕನ್ನಡಿಚೂರುಗಳ ಕಾಂಚಳಿ, ತಲೆಯ ಮೇಲಿನಿಂದ ಇಳಿದ ಛಾಂಟಿಯಾ. ಛಾಂಟಿಯಾ ಎಂಬುದು ಅವರ ಮೇಲ್ಮುಸುಕು. ಒಂದು ತುದಿಯನ್ನು ಸೊಂಟದಲ್ಲಿ ಸಿಕ್ಕಿಸಿ, ಬೆನ್ನಿನ ಮೇಲಿನಿಂದ ತಲೆಗೆ ತಂದು, ಇನ್ನೊಂದು ತುದಿಯನ್ನು ಮಗ್ಗುಲಿಗೆ ಬಿಡುವರು. ಹಣೆಯ ಮೇಲೆ ಬರುವ ಪಟ್ಟಿಗೆ ಘುಂಗಟೊ ಎಂದು ಹೆಸರು. ಕನ್ನಡಿ, ಕವಡೆ, ನಾಣ್ಯ, ಬಗೆಬಗೆಯ ಹೊಲಿಗೆಗಳೆಲ್ಲವೂ ಅಲ್ಲಿ ಒತ್ತಾಗಿ ತುಂಬಿರುವುವು. ಕಿವಿಯ ಎರಡೂ ಕಡೆ ಕೂದಲಿಗೆ ಕಟ್ಟಿದ ಘುಗ್ರಿ, ಟೋಪ್ಲಿಗಳೆಂಬ ಬೆಳ್ಳಿಯ ಒಡವೆಗಳು ಮುಸುಕನ್ನು ಎತ್ತಿ ಹಿಡಿದಿರುತ್ತವೆ. ಅವು ಮುತ್ತೈದೆಯ ಗುರುತು. ಹೀಗೆ ಒಂದು ಮುಸುಕನ್ನು ನೋಡಿಯೇ ಅವಳ ಮನೆಯ ಸ್ಥಿತಿಯನ್ನು ಓದಬಹುದು.

ನಾವು ಕಂಡ ಹಿರಿಯಳನ್ನು ತಾಂಡಾದವರೆಲ್ಲರೂ ‘ಯಾಡಿ’ ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ತಾಯಿ ಎಂದರ್ಥ. ಅವಳ ಘುಂಗಟೊ ಅವಳ ತಾಯಿಯು ಹೊಲಿದುದು. ಮೂರು ವರ್ಷಗಳ ಹಿಂದೆ ಪೇಟೆಯ ವ್ಯಾಪಾರಿಯೊಬ್ಬನು ಬಂದು ತಾಂಡಾದ ಹಳೆಯ ಕಾಂಚಳಿ, ಮುಸುಕುಗಳನ್ನೆಲ್ಲ ಕೇಳಿದನಂತೆ. ಅವುಗಳನ್ನು ಕತ್ತರಿಸಿ ಚೀಲಗಳಿಗೂ ದಿಂಬಿನ ಗವಸುಗಳಿಗೂ ಹಚ್ಚುವರೆಂದು ಆಮೇಲೆ ತಿಳಿಯಿತು. ಮಗಳ ಕಾಲೇಜಿನ ಫೀಸಿಗೆಂದು ಕೆಲವರು ಕೊಟ್ಟರು. ಬೇಡವೆನ್ನುವುದಕ್ಕೆ ನಾವು ಯಾರು? ‘ತಲೀಮ್ಯಾಗಿಂದು ಜನ ಕುಂದ್ರೋ ಕಡೆ ಹಾಕ್ತಾರಂತ, ಅದಕ್ಕ ನಾ ಕೊಡಲಿಲ್ಲ’ ಎಂದಳು ಯಾಡಿ.

ಅವಳ ಮೊಮ್ಮಗಳು ಕಲಬುರಗಿಯಲ್ಲಿ ಓದುತ್ತಿರುವಳು. ಶಾಲೆಯ ದಿನಗಳಲ್ಲಿ ಅಜ್ಜಿಯು ಈ ಉಡುಗೆಯಲ್ಲಿ ಬಂದರೆ ಹುಡುಗರು ನಗುವರೆಂದು ಅವಳನ್ನು ಬಾಗಿಲಿನಿಂದಾಚೆಯೇ ನಿಲ್ಲಿಸುತ್ತಿದ್ದಳಂತೆ. ಅದೇ ಶಾಲೆಯ ವಾರ್ಷಿಕೋತ್ಸವದಲ್ಲಿ ಬೇರೆ ಮನೆಗಳ ಮಕ್ಕಳು ಬಾಡಿಗೆಯ ಲಂಬಾಣಿ ವೇಷವನ್ನು ತೊಟ್ಟು ಕುಣಿದು ಬಹುಮಾನ ಪಡೆದರು. ಇದನ್ನು ಹೇಳುವಾಗ ಆ ಹುಡುಗಿಯ ದನಿಯಲ್ಲಿ ಕೋಪವಿರಲಿಲ್ಲ. ಲೆಕ್ಕವನ್ನು ಒಪ್ಪಿಸುವವಳಂತೆ ಹೇಳಿದಳು. ವೇಷವಾದಾಗ ಚಪ್ಪಾಳೆ, ಉಡುಗೆಯಾದಾಗ ನಗೆ! ನಮ್ಮ ಓದುಗರ ಮನೆಗಳಲ್ಲಿ ಮಕ್ಕಳಿಗೆ ಇಂಥ ವೇಷವನ್ನು ತೊಡಿಸುವವರಿದ್ದರೆ, ಅದು ಯಾರ ತಲೆಯ ಮೇಲಿನದೆಂದು ಮಗುವಿಗೆ ಒಂದು ಮಾತು ಹೇಳಿ ತೊಡಿಸಬೇಕೆಂದು ಪ್ರಾರ್ಥನೆ.

ಅಫಘಾನಿಸ್ತಾನದ ಹೆಂಗಸರಿಗೂ ಹೀಗೆಯೇ ತಮ್ಮ ಮುಸುಕಿನ ಬಗ್ಗೆ ಹೇಳಬೇಕಾದ ಸಂದರ್ಭವೊಂದು ಬಂದಿತು. ೨೦೨೧ರ ಆಗಸ್ಟಿನಲ್ಲಿ ತಾಲಿಬಾನರ ಆಳಿಕೆ ಮರಳಿದ ಮೇಲೆ, ಅಡಿಯಿಂದ ಮುಡಿಯವರೆಗೆ ಕಪ್ಪು ಹೊದ್ದ ಹೆಂಗಸರ ಸಭೆಯ ಚಿತ್ರಗಳು ಲೋಕಕ್ಕೆಲ್ಲ ಹರಡಿದವು. ಅದನ್ನು ಕಂಡ ಪರದೇಶವಾಸಿ ಅಫಘಾನ ಸ್ತ್ರೀಯರು ಆ ಸೆಪ್ಟೆಂಬರಿನಲ್ಲಿ ತಮ್ಮ ತಾಯಂದಿರ ಹಸುರು, ಕೆಂಪು, ನೀಲಿಯ ಕಸೂತಿಯ ಉಡುಗೆಗಳನ್ನೂ ತೆಳ್ಳನೆಯ ಬಣ್ಣದ ಶಾಲುಗಳನ್ನೂ ತೊಟ್ಟು ತಮ್ಮ ಭಾವಚಿತ್ರಗಳನ್ನು ಪ್ರಕಟಿಸಿದರು. ನಮ್ಮ ಹಬ್ಬದ ಉಡುಗೆಯೆಂದರೆ ಇದು ಎಂದು. ಈ ಸಂಗತಿಯನ್ನು ಆ ಮೊಮ್ಮಗಳಿಗೆ ನಾವು ತಿಳಿಸಿದೆವು. ಅವಳು ತನ್ನ ಕೈಯಂತ್ರದಲ್ಲಿ ಆ ಚಿತ್ರಗಳನ್ನು ಹುಡುಕಿ ಬಹಳ ಹೊತ್ತು ನೋಡಿ, ಯಾಡಿಗೆ ತೋರಿಸಿದಳು. ಯಾಡಿಯು ಚಿತ್ರವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಮೊದಲು ನೋಡಿದ್ದು ಹೊಲಿಗೆಯನ್ನು. ‘ಕನ್ನಡಿ ಅವ, ಕವಡಿ ಇಲ್ಲ’ ಎಂದು ತೀರ್ಪು ಕೊಟ್ಟಳು.

ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಲಂಬಾಣಿ ಹೆಂಗಸರ ಕಸೂತಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಅಲ್ಲಿ ಹೊಲಿಗೆಯು ಮನೆಗೆ ಅನ್ನವನ್ನೂ ತರುತ್ತಿದೆ. ನಾವು ಹೋದ ತಾಂಡಾದಲ್ಲಿ ಅಂಥ ಏರ್ಪಾಡೇನೂ ಕಾಣಲಿಲ್ಲ. ಆದರೆ ಮನೆಗಳಿಗೆ ಈಗ ಹಕ್ಕುಪತ್ರಗಳಿವೆ. ಯಾಡಿಯು ತನ್ನ ಮನೆಯ ಹಕ್ಕುಪತ್ರವನ್ನು ಇಟ್ಟಿದ್ದುದು ಟ್ರಂಕಿನ ತಳದಲ್ಲಿ, ಘುಂಗಟೊದ ಮಡಿಕೆಯೊಳಗೆ. ಹಳೆಯ ಕಾಲದಲ್ಲಿ ತಾಂಡಾ ಎದ್ದು ಹೊರಟಾಗ ಅವಳ ತಾಯಿಯು ಬೆಳ್ಳಿಯನ್ನು ಅದರಲ್ಲಿಯೇ ಕಟ್ಟಿಕೊಳ್ಳುತ್ತಿದ್ದಳಂತೆ.

ಹೋಳಿಯ ದಿನ ಬೆಳಗ್ಗೆ ತಾಂಡಾದ ಅಂಗಳದಲ್ಲಿ ಗೇರು ಕೂಡಿತು. ಗಂಡಸರು ಒಂದು ಸಾಲು, ಹೆಂಗಸರು ಒಂದು ಸಾಲು; ಪದವೂ ಪ್ರತಿಪದವೂ ಏಳುತ್ತಿದ್ದವು. ಮೊಮ್ಮಗಳು ಪೇಟೆಯ ಉಡುಪಿನಲ್ಲಿಯೇ ಬಂದು ಸಾಲಿನ ಕೊನೆಯಲ್ಲಿ ನಿಂತಿದ್ದಳು. ಎರಡನೆಯ ಹಾಡಿನ ಹೊತ್ತಿಗೆ ಒಳಗೆ ಹೋದವಳು ಯಾಡಿಯ ಛಾಂಟಿಯಾವನ್ನು ತಲೆಗೆ ಹಾಕಿಕೊಂಡು ಬಂದಳು. ಕಟ್ಟಲು ಘುಗ್ರಿಯಿಲ್ಲದುದರಿಂದ ಮುಸುಕು ಮೇಲಿಂದ ಮೇಲೆ ಜಾರುತ್ತಿತ್ತು. ಯಾಡಿಯು ಕುಣಿತವನ್ನು ನಿಲ್ಲಿಸಿ, ಎಲ್ಲರೂ ಕಾಯುತ್ತಿರಲು, ಅದನ್ನು ಬಿಚ್ಚಿ, ಸೊಂಟದಿಂದ ಮೊದಲುಮಾಡಿ ಮತ್ತೆ ಹೊದಿಸಿದಳು.